ವೈಟ್‌ಫೀಲ್ಡಿನ ದುಂಡು ಬಯಲು

ಭಾನುವಾರ ಬೆಳಿಗ್ಗೆ ಕಾಡುಗೋಡಿಯ ಮೆಟ್ರೊ ನಿಲ್ದಾಣದಲ್ಲಿ ಕಾಣುವ ಜನ ವಾರದ ಉಳಿದ ದಿನಗಳ ಜನರಲ್ಲ. ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ಅವಸರದಲ್ಲಿ ಓಡುವ ನೌಕರರ ಬದಲು ಅಂದು ಅಲ್ಲಿ ಸೇರುವುದು ಸಂಸಾರಗಳು. ಒಬ್ಬರ ಕೈಯಲ್ಲಿ ಚಿತ್ರಾನ್ನದ ಡಬ್ಬಿಯ ಚೀಲ, ಇನ್ನೊಬ್ಬರ ಕಂಕುಳಲ್ಲಿ ಮಡಿಸಿದ ಜಮಖಾನ, ಮಕ್ಕಳ ಕೈಯಲ್ಲೊಂದು ರಬ್ಬರ್ ಚೆಂಡು. ಇವರಲ್ಲಿ ಹಲವರು ಹೊರಟಿರುವುದು ಕಬ್ಬನ್ ಪಾರ್ಕಿಗೆ. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ಗೆ ಮೆಟ್ರೊ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಕೃಷ್ಣರಾಜಪುರದ ನಡುವಿನ ಕೊಂಡಿಯೂ ಸೇರಿತು. ಅಂದಿನಿಂದ ಈ ಊರಿನ ಮಗು ಗಾಡಿ ಬದಲಿಸದೆ, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರದ ಹುಲ್ಲುಹಾಸನ್ನು ನೇರವಾಗಿ ತಲುಪಬಹುದಾಗಿದೆ.

ಈ ಪ್ರಯಾಣದಲ್ಲಿ ಹಲವರ ಗಮನಕ್ಕೆ ಬಾರದ ಒಂದು ಸಂಗತಿ ಇದೆ. ಕಬ್ಬನ್ ಪಾರ್ಕ್‌ಗೆ 1927ರಿಂದ ಇರುವ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ. ವೈಟ್‌ಫೀಲ್ಡ್ ಎಂಬ ಊರು ಎದ್ದು ನಿಂತದ್ದೂ ಅದೇ ಚಾಮರಾಜೇಂದ್ರ ಒಡೆಯರು ಬಿಟ್ಟುಕೊಟ್ಟ ನೆಲದ ಮೇಲೆ. ಅಷ್ಟೇ ಅಲ್ಲ, ಆ ಊರನ್ನು ಕಾಗದದ ಮೇಲೆ ಬರೆದವರು ನಡುವೆ ಒಂದು ದುಂಡು ಬಯಲನ್ನು ಬಿಟ್ಟು, ಅದರ ಸುತ್ತ ಮನೆಗಳನ್ನು ಇಟ್ಟಿದ್ದರು. ಬಯಲನ್ನೇ ಹೊಕ್ಕುಳಾಗಿ ಮಾಡಿಕೊಂಡು ಹುಟ್ಟಿದ ಊರಿನ ಮಕ್ಕಳು ಇಂದು ಓಡಿಯಾಡಲು ರೈಲು ಹತ್ತಿ ಬೇರೆಡೆಗೆ ಹೋಗುವಂತಾದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಬೆಂಗಳೂರಿನ ಉದ್ಯಾನಗಳ ಇನ್ನೂರೈವತ್ತು ವರ್ಷಗಳ ಕಥೆಯೇ ತೆರೆದುಕೊಳ್ಳುತ್ತದೆ.

ಬಯಲಿನ ಸುತ್ತ ಹುಟ್ಟಿದ ಊರು

ಐವತ್ತು ವರ್ಷಗಳ ಕಾಲ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಮೈಸೂರು ಸಂಸ್ಥಾನದ ಆಡಳಿತ 1881ರಲ್ಲಿ ಒಡೆಯರಿಗೆ ಮರಳಿತು. ಮರುವರ್ಷವೇ, ಅಂದರೆ 1882ರಲ್ಲಿ, ಇನ್ನೂ ಇಪ್ಪತ್ತು ತುಂಬದ ಚಾಮರಾಜೇಂದ್ರ ಒಡೆಯರು ಬೆಂಗಳೂರಿನ ಪೂರ್ವಕ್ಕೆ ಸುಮಾರು 3,900 ಎಕರೆ ನೆಲವನ್ನು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ನೀಡಿದರು. ಅಂದಿನ ಆಂಗ್ಲೋ ಇಂಡಿಯನ್ನರ ಸ್ಥಿತಿ ವಿಚಿತ್ರವಾಗಿತ್ತು. ಆಳುವವರು ಅವರನ್ನು ತಮ್ಮವರೆಂದು ಪೂರ್ತಿ ಒಪ್ಪುತ್ತಿರಲಿಲ್ಲ. ಈ ನೆಲದಲ್ಲಿ ಅವರಿಗೆ ಹೊಲಮನೆಯ ಬೇರೂ ಇರಲಿಲ್ಲ. ಸರ್ಕಾರಿ ನೌಕರಿಯನ್ನೇ ನಂಬಿ ಕೂರುವುದಕ್ಕಿಂತ ಬೇಸಾಯ ಮಾಡಿ ಸ್ವಂತ ಕಾಲ ಮೇಲೆ ನಿಲ್ಲಬೇಕು ಎಂದು ಮದರಾಸಿನಲ್ಲಿ ಈ ಸಮುದಾಯವನ್ನು ಸಂಘಟಿಸಿದ ಡಿ. ಎಸ್. ವೈಟ್ ವಾದಿಸಿದರು. ಅವರ ಹೆಸರಿನಿಂದಲೇ ಊರು ವೈಟ್‌ಫೀಲ್ಡ್ ಆಯಿತು.

ಹೊಸ ಊರಿನ ವಿನ್ಯಾಸ ಸುತ್ತಲಿನ ಹಳ್ಳಿಗಳಿಗಿಂತ ಬೇರೆಯಾಗಿತ್ತು. ಒಂದರ ಹೊರಗೊಂದು ಬಳೆಯಿಟ್ಟಂತೆ ದುಂಡು ರಸ್ತೆಗಳು, ಒಳಗಿನ ರಸ್ತೆಯ ಸುತ್ತ ಹೆಂಚಿನ ಮನೆಗಳು, ಎಲ್ಲ ಮನೆಗಳ ಮುಖವೂ ನಡುವಿನ ಬಯಲಿನ ಕಡೆಗೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಊರ ನಡುವೆ ಎಲ್ಲರಿಗೂ ಸೇರಿದ ಹುಲ್ಲುಗಾವಲು ಬಿಡುವ ವಾಡಿಕೆಯಿದೆ. ಅದರ ನೆನಪಿನಲ್ಲಿ ಬರೆದ ನಕ್ಷೆ ಇದು. ಇಂದು ‘ಇನ್ನರ್ ಸರ್ಕಲ್’ ಎಂದು ಕರೆಯುವ ಭಾಗವೇ ಆ ಹಳೆಯ ಬಡಾವಣೆ. ಹತ್ತಿರದಲ್ಲೇ 1886ರ ಕಾಲದ ಮೆಮೋರಿಯಲ್ ಚರ್ಚ್ ಇದೆ. ವೇವರ್ಲಿ ಇನ್ ಎಂಬ ಹಳೆಯ ವಸತಿಗೃಹಕ್ಕೆ, ಬೆಂಗಳೂರಿನ ದಂಡಿನಲ್ಲಿದ್ದ ತರುಣ ವಿನ್ಸ್‌ಟನ್ ಚರ್ಚಿಲ್ ಬರುತ್ತಿದ್ದನೆಂಬ ದಂತಕಥೆಯೂ ಉಳಿದುಕೊಂಡಿದೆ.

ವೈಟ್ ಅವರ ಬೇಸಾಯದ ಕನಸು ಅಂದುಕೊಂಡಂತೆ ಕೈಗೂಡಲಿಲ್ಲ. ಮಳೆಯನ್ನೇ ನಂಬಿದ ಕೆಂಪು ಮಣ್ಣಿನ ನೆಲ, ಉಳುಮೆಯ ಅಭ್ಯಾಸವಿಲ್ಲದ ಕೈಗಳು. ಮುಂದಿನ ತಲೆಮಾರು ರೈಲ್ವೆಗೆ, ಕೋಲಾರದ ಚಿನ್ನದ ಗಣಿಗೆ, ಬೇರೆ ಊರುಗಳ ನೌಕರಿಗೆ ಹೊರಟಿತು. ವೈಟ್‌ಫೀಲ್ಡ್ ನಿವೃತ್ತರ ಶಾಂತ ಹಳ್ಳಿಯಾಗಿ ನೂರು ವರ್ಷ ಕಳೆಯಿತು. ಆದರೆ ಆ ದುಂಡು ಬಯಲು ಮಾತ್ರ ಉಳಿಯಿತು. ಯಾರೊಬ್ಬರ ಹಿತ್ತಲೂ ಅಲ್ಲದ, ಎಲ್ಲರ ಅಂಗಳವೂ ಆದ ಜಾಗ ಅದು. ಹೊಲ ಸೋತರೂ ಬಯಲು ಸೋಲಲಿಲ್ಲ ಎನ್ನಬಹುದು.

ಅದಕ್ಕೂ ಮುಂಚಿನ ತೋಪು

ವೈಟ್‌ಫೀಲ್ಡಿನ ಬಯಲು ಇಂಗ್ಲೆಂಡಿನ ಮಾದರಿಯದಾದರೂ, ಎಲ್ಲರಿಗೂ ಸೇರಿದ ಹಸಿರು ಎಂಬ ಕಲ್ಪನೆ ಈ ಸೀಮೆಗೆ ಹೊಸದಾಗಿರಲಿಲ್ಲ. ಹಗದೂರು, ಇಮ್ಮಡಿಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ, ವರ್ತೂರು, ಕಾಡುಗೋಡಿ ಮುಂತಾದ ಸುತ್ತಲಿನ ಊರುಗಳು ವೈಟ್ ಬರುವುದಕ್ಕೆ ಬಹಳ ಮುಂಚಿನವು. ಬೆಂಗಳೂರು ಸುತ್ತಲಿನ ಹಳ್ಳಿಗಳಲ್ಲಿ ಊರಿಗೊಂದು ಕೆರೆ, ಅರಳಿಕಟ್ಟೆ, ಗುಂಡುತೋಪು ಇರುವುದು ಸಾಮಾನ್ಯವಾಗಿತ್ತು.

ಗುಂಡುತೋಪು ಎಂದರೆ ಮಾವು, ಹಲಸು, ನೇರಳೆ, ಹುಣಸೆ, ಹೊಂಗೆಗಳನ್ನು ಊರಿನ ಸಲುವಾಗಿ ನೆಟ್ಟು ಬೆಳೆಸಿದ ಮರಗಳ ಗುಂಪು. ಇದು ಖಾಸಗಿ ತೋಟವಲ್ಲ. ಕಂದಾಯ ಇಲಾಖೆಯ ದಾಖಲೆಗಳಲ್ಲಿ ಇಂದಿಗೂ ‘ಸರ್ಕಾರಿ ಗುಂಡುತೋಪು’ ಎಂದೇ ಬರುತ್ತದೆ. ದಾರಿಹೋಕರು ಗಾಡಿ ಬಿಚ್ಚಿ ಅಡುಗೆ ಮಾಡಿಕೊಳ್ಳುತ್ತಿದ್ದುದು, ದನ ಕಾಯುವ ಹುಡುಗರು ಮಧ್ಯಾಹ್ನದ ಬಿಸಿಲು ಕಳೆಯುತ್ತಿದ್ದುದು, ಜಾತ್ರೆಗೆ ಬಂದವರು ಇಳಿದುಕೊಳ್ಳುತ್ತಿದ್ದುದು ಇಲ್ಲಿಯೇ. ಮಕ್ಕಳ ಪಾಲಿಗಂತೂ ತೋಪೇ ಆಟದ ಮೈದಾನ. ಮರಕೋತಿ ಆಟಕ್ಕೆ ಬೇಕಾದದ್ದು ಮರವೊಂದೇ. ಚಿನ್ನಿದಾಂಡು, ಲಗೋರಿಗೆ ಬೇಕಾದದ್ದು ಒಂದಿಷ್ಟು ಬಯಲು. ಎರಡೂ ಪುಕ್ಕಟೆ.

ಮನೆಮಂದಿಯೆಲ್ಲ ಹೊರಗೆ ಹೋಗಿ ಉಣ್ಣುವ ಪದ್ಧತಿಯೂ ಕನ್ನಡನಾಡಿಗೆ ಹಳೆಯದು. ಕಾರ್ತಿಕ ಮಾಸದಲ್ಲಿ ನೆಲ್ಲಿ ಮರದ ಬುಡದಲ್ಲಿ ನಡೆಯುವ ವನಭೋಜನಕ್ಕೆ ಪೂಜೆಯ ನೆಪವಿದ್ದರೂ ಮಕ್ಕಳಿಗೆ ಅದು ವಿಹಾರವೇ. ಹುಣ್ಣಿಮೆಯ ರಾತ್ರಿ ಬಯಲಲ್ಲಿ ಕೂತು ಕೈತುತ್ತು ತಿನ್ನುವ ಬೆಳದಿಂಗಳೂಟಕ್ಕೆ ಆ ನೆಪವೂ ಬೇಕಿರಲಿಲ್ಲ. ಬುತ್ತಿ ಕಟ್ಟುವ ಖರ್ಚು ಬಿಟ್ಟರೆ ಬೇರೆ ವೆಚ್ಚವಿಲ್ಲದ ಈ ಸಂತೋಷಗಳಿಗೆ ಒಂದೇ ಒಂದು ಆಧಾರವಿತ್ತು. ಅದು ಊರಿನ ಹೆಸರಿನಲ್ಲಿದ್ದ ನೆಲ. ಹಳ್ಳಿ ನಗರದೊಳಗೆ ಕರಗಿದಾಗ ಮೊದಲು ಕೈಬಿಟ್ಟುಹೋದದ್ದು ಈ ಆಧಾರವೇ. ಬೆಂಗಳೂರು ಸುತ್ತಲಿನ ತೋಪುಗಳನ್ನು ಅಧ್ಯಯನ ಮಾಡಿರುವ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ, ಸೀಮಾ ಮುಂಡೋಳಿ ಮುಂತಾದವರು ಅವು ಹೇಗೆ ಒಂದೊಂದಾಗಿ ಕಟ್ಟಡಗಳ ಪಾಲಾದವೆಂಬುದನ್ನು ದಾಖಲಿಸಿದ್ದಾರೆ.

ಅರಸರ ತೋಟ, ಜನರ ತೋಟ

ಹಳ್ಳಿಗೆ ತೋಪಿದ್ದಂತೆ ಪೇಟೆಗೆ ಏನಿತ್ತು? ಬೆಂಗಳೂರಿನ ಮಟ್ಟಿಗೆ ಮೊದಲ ಉತ್ತರ ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಇದನ್ನು ಆರಂಭಿಸಿದಾಗ ಅದು ಅರಸನ ತೋಟ. ಟಿಪ್ಪು ಸುಲ್ತಾನ್ ದೂರದ ದೇಶಗಳಿಂದ ಗಿಡ, ಬೀಜ ತರಿಸಿ ಅದನ್ನು ಬೆಳೆಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ತೋಟ ಹಲವು ಕೈಗಳನ್ನು ದಾಟಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರೂನ್ ಇದರ ಮೇಲ್ವಿಚಾರಕರಾಗಿದ್ದಾಗ, 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲೊಂದು ಪ್ರಾಣಿಸಂಗ್ರಹವೂ ಇತ್ತು. ಗಿಡಗಳ ಹೆಸರು ತಿಳಿಯದ ಮಕ್ಕಳನ್ನೂ ಸೆಳೆಯಲು ಅಷ್ಟು ಸಾಕಿತ್ತು. ಮುಂದೆ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳು ಎಷ್ಟೋ ಮನೆಗಳಲ್ಲಿ ವರ್ಷಕ್ಕೆರಡು ಬಾರಿಯ ಕಟ್ಟಳೆಯಂತಾದವು. ಅರಸನ ತೋಟದ ಬಾಗಿಲು ಜನರಿಗೆ ತೆರೆಯಲು ಸುಮಾರು ನೂರು ವರ್ಷ ಹಿಡಿಯಿತು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಅದೇ ಅವಧಿಯಲ್ಲಿ ಯುರೋಪಿನಲ್ಲೂ ಇಂಥದೇ ಬದಲಾವಣೆ ನಡೆದಿತ್ತು. ಕಾರ್ಖಾನೆಗಳ ಹೊಗೆಯಲ್ಲಿ ಬದುಕುತ್ತಿದ್ದ ಕೂಲಿಕಾರರಿಗೆ ಭಾನುವಾರ ಕಾಲಾಡಿಸಲು ಜಾಗವಿಲ್ಲವೆಂಬುದನ್ನು 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ಎತ್ತಿ ತೋರಿಸಿತು. 1847ರಲ್ಲಿ ಲಿವರ್‌ಪೂಲ್ ಎದುರಿನ ಬರ್ಕನ್‌ಹೆಡ್ ಪಟ್ಟಣ ಸಾರ್ವಜನಿಕರ ಹಣದಿಂದಲೇ ಒಂದು ಉದ್ಯಾನ ನಿರ್ಮಿಸಿತು. ಅದನ್ನು ನೋಡಿ ಬೆರಗಾದ ಅಮೆರಿಕದ ಫ್ರೆಡರಿಕ್ ಓಮ್‌ಸ್ಟೆಡ್ ಮುಂದೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದವರಲ್ಲಿ ಒಬ್ಬನಾದ. ಮಕ್ಕಳಿಗೆಂದೇ ಪ್ರತ್ಯೇಕ ಜಾಗ ಬೇಕು ಎಂಬ ವಿಚಾರ ಇನ್ನೂ ತಡವಾಗಿ ಬಂತು. ಬರ್ಲಿನ್ನಿನ ಮಾದರಿ ನೋಡಿ 1885ರ ಸುಮಾರಿಗೆ ಬಾಸ್ಟನ್ ನಗರದ ಬಡವರ ಕೇರಿಯೊಂದರಲ್ಲಿ ಮಕ್ಕಳಿಗಾಗಿ ಮರಳಿನ ಗುಡ್ಡೆ ಸುರಿದದ್ದು ಅಮೆರಿಕದ ಆಟದಂಗಳಗಳ ಆರಂಭ ಎನ್ನುತ್ತಾರೆ. ಒಂದು ಗಾಡಿ ಮರಳು. ಅದಕ್ಕಿಂತ ಅಗ್ಗದ ಆಟಿಕೆ ಇದ್ದೀತೆ?

ಈ ಗಾಳಿಯಲ್ಲೇ 1870ರಲ್ಲಿ ರಿಚರ್ಡ್ ಸ್ಯಾಂಕಿ ಎಂಬ ಎಂಜಿನಿಯರ್ ಬೆಂಗಳೂರಿನ ದಂಡು ಮತ್ತು ಪೇಟೆಯ ನಡುವೆ ನೂರು ಎಕರೆಯ ಉದ್ಯಾನವೊಂದನ್ನು ನಿರ್ಮಿಸಿದ. ದೀರ್ಘಕಾಲ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹೆಸರು ಅದಕ್ಕೆ ನಿಂತಿತು. ದಂಡು ಒಂದು ಲೋಕ, ಪೇಟೆ ಇನ್ನೊಂದು ಲೋಕವಾಗಿದ್ದ ಕಾಲದಲ್ಲಿ ಈ ಉದ್ಯಾನ ಎರಡನ್ನೂ ಬೇರ್ಪಡಿಸುವ ಹಸಿರು ಗೋಡೆಯಂತಿತ್ತು. ಸ್ವಾತಂತ್ರ್ಯಾನಂತರ ಅದೇ ಗೋಡೆ ಎರಡೂ ಕಡೆಯವರು ಸೇರುವ ಅಂಗಳವಾದದ್ದು ಚರಿತ್ರೆಯ ಸೊಗಸು. ಇಲ್ಲಿ ಜವಾಹರ ಬಾಲಭವನ ಬಂತು, ‘ಪುಟಾಣಿ ಎಕ್ಸ್‌ಪ್ರೆಸ್’ ರೈಲು ಓಡಿತು. ಪಕ್ಕದ ಕಸ್ತೂರಬಾ ರಸ್ತೆಯಲ್ಲಿ 1962ರಲ್ಲಿ ನೆಹರೂ ಉದ್ಘಾಟಿಸಿದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಶಾಲಾ ಹೊರಸಂಚಾರಗಳ ಖಾಯಂ ತಾಣವಾಯಿತು. ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಭಾನುವಾರ ಒಳಗಿನ ರಸ್ತೆಗಳಲ್ಲಿ ವಾಹನ ಸಂಚಾರ ನಿಲ್ಲಿಸುವುದರಿಂದ ಅಂದು ರಸ್ತೆಯೂ ಮಕ್ಕಳದೇ.

ಚಾಮರಾಜೇಂದ್ರ ಒಡೆಯರ ಹೆಸರು ಮಕ್ಕಳ ವಿಹಾರದ ಕಥೆಯಲ್ಲಿ ಇನ್ನೊಂದು ಕಡೆಯೂ ಬರುತ್ತದೆ. 1892ರಲ್ಲಿ ಮೈಸೂರಿನಲ್ಲಿ ಅರಮನೆಯ ಪ್ರಾಣಿಸಂಗ್ರಹವಾಗಿ ಆರಂಭವಾಗಿ, 1902ರಲ್ಲಿ ಜನರಿಗೆ ತೆರೆದ ಮೃಗಾಲಯಕ್ಕೂ ಅವರದೇ ಹೆಸರಿದೆ. ಮೂವತ್ತೆರಡಕ್ಕೂ ಮೊದಲೇ ತೀರಿಕೊಂಡ ಅರಸರೊಬ್ಬರ ಹೆಸರು ನಾಡಿನ ಎರಡು ದೊಡ್ಡ ವಿಹಾರತಾಣಗಳಲ್ಲಿ ಉಳಿದಿರುವುದು ಸಣ್ಣ ಮಾತಲ್ಲ.

ನಕ್ಷೆಯಲ್ಲಿ ಬಿಟ್ಟ ಜಾಗ

ದೊಡ್ಡ ಉದ್ಯಾನ ಹಬ್ಬದ ದಿನಕ್ಕಾದರೆ, ದಿನನಿತ್ಯಕ್ಕೆ ಬೇಕಾದದ್ದು ಮನೆಯಿಂದ ನಡೆದುಹೋಗುವಷ್ಟು ಹತ್ತಿರದ ಸಣ್ಣ ಪಾರ್ಕು. ಇದನ್ನು ಬೆಂಗಳೂರು ಕಲಿತದ್ದು ಬಡಾವಣೆಗಳಿಂದ. 1890ರ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗಿನ ತರುವಾಯ ತುಂಬತೊಡಗಿದ ಬಸವನಗುಡಿ ಮತ್ತು ಮಲ್ಲೇಶ್ವರಗಳಲ್ಲಿ ಅಗಲ ರಸ್ತೆ, ಸಾಲುಮರ, ನಡುನಡುವೆ ತೆರೆದ ಜಾಗ ಇರಬೇಕೆಂದು ಯೋಜಿಸಲಾಯಿತು. ಇಕ್ಕಟ್ಟಾದ ಪೇಟೆಯಲ್ಲಿ ಪಿಡುಗು ಹೇಗೆ ಹಬ್ಬುತ್ತದೆಂಬುದನ್ನು ಕಂಡವರಿಗೆ ಗಾಳಿ, ಬೆಳಕು ಶೋಕಿಯ ವಿಷಯವಾಗಿರಲಿಲ್ಲ. ಸ್ವಾತಂತ್ರ್ಯದ ಮರುವರ್ಷ ಶುರುವಾದ ಜಯನಗರದಲ್ಲೂ ಇದೇ ಕ್ರಮ ಮುಂದುವರಿಯಿತು.

ಈ ವಾಡಿಕೆ ಕ್ರಮೇಣ ಕಾನೂನಾಯಿತು. 1976ರಲ್ಲಿ ಅಸ್ತಿತ್ವಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯಲ್ಲಿ, ಬಡಾವಣೆಯ ಒಟ್ಟು ವಿಸ್ತೀರ್ಣದ ಶೇಕಡಾ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ಪಾರ್ಕು ಮತ್ತು ಆಟದ ಮೈದಾನಕ್ಕೆ ಮೀಸಲಿಡಬೇಕೆಂಬ ನಿಯಮ ಸೇರಿತು. 1975 ಮತ್ತು 1985ರಲ್ಲಿ ರಾಜ್ಯ ಸರ್ಕಾರ ಉದ್ಯಾನಗಳ ಸಂರಕ್ಷಣೆಗೆಂದೇ ಎರಡು ಪ್ರತ್ಯೇಕ ಕಾಯ್ದೆಗಳನ್ನು ತಂದಿತು.

ಕಾಯ್ದೆ ಇದ್ದ ಮಾತ್ರಕ್ಕೆ ಜಾಗ ಉಳಿಯುವುದಿಲ್ಲ ಎಂಬುದಕ್ಕೂ ಬೆಂಗಳೂರಿನಲ್ಲೇ ಉದಾಹರಣೆ ಇದೆ. ರಾಜಮಹಲ್ ವಿಲಾಸ ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ನಿವೇಶನವೊಂದನ್ನು ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟೊಂದಕ್ಕೆ ಕೊಡಲಾಯಿತು. ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ನಡೆದು 1991ರಲ್ಲಿ ತೀರ್ಪು ಬಂತು. ಆಸ್ಪತ್ರೆಯೂ ಒಳ್ಳೆಯ ಕೆಲಸವೇ ಅಲ್ಲವೆ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಎಲ್ಲರಿಗೂ ಸೇರಿದ ತೆರೆದ ಜಾಗವನ್ನು ಖಾಸಗಿ ಕೈಗೆ ಕೊಡಲು ಅಧಿಕಾರಿಗಳಿಗೂ ಮಂತ್ರಿಗಳಿಗೂ ಹಕ್ಕಿಲ್ಲ ಎಂದಿತು. ಹಿಂದೆ ಅರಸರು, ಸಿರಿವಂತರ ಸೊತ್ತಾಗಿದ್ದ ಉದ್ಯಾನ ಈಗ ಜನರು ತಮಗೆ ತಾವೇ ಕೊಟ್ಟುಕೊಂಡ ಕಾಣಿಕೆ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಆರ್. ಎಂ. ಸಹಾಯ್ ಬರೆದರು. ‘ಮುದ್ದಪ್ಪ ಪ್ರಕರಣ’ ಎಂದು ಹೆಸರಾದ ಈ ತೀರ್ಪನ್ನು ದೇಶದ ಎಲ್ಲೆಡೆ ಪಾರ್ಕು ಉಳಿಸಿಕೊಳ್ಳಲು ಹೊರಟವರು ಇಂದಿಗೂ ಮುಂದಿಡುತ್ತಾರೆ. ಏಳು ವರ್ಷಗಳ ನಂತರ, 1998ರಲ್ಲಿ, ಕಬ್ಬನ್ ಪಾರ್ಕಿನ ಒಂದು ಭಾಗವನ್ನೇ ಸಂರಕ್ಷಣೆಯ ವ್ಯಾಪ್ತಿಯಿಂದ ಹೊರಗಿಡಲು ಸರ್ಕಾರ ಮುಂದಾದಾಗ ನಗರದ ಜನ ಬೀದಿಗಿಳಿದು ಪ್ರತಿಭಟಿಸಿದರು.

ಬೇಲಿಯೊಳಗೆ ಹೋದ ಹಸಿರು

ಹಳೆಯ ಬೆಂಗಳೂರು ಪಾರ್ಕುಗಳನ್ನು ಹೀಗೆ ಕಾಯ್ದುಕೊಳ್ಳುತ್ತಿದ್ದ ಹೊತ್ತಿನಲ್ಲೇ ಹದಿನೈದು ಇಪ್ಪತ್ತು ಕಿಲೋಮೀಟರು ಪೂರ್ವದಲ್ಲಿ ಹೊಸ ಬೆಂಗಳೂರೊಂದು ಏಳುತ್ತಿತ್ತು. 1990ರ ದಶಕದಲ್ಲಿ ವೈಟ್‌ಫೀಲ್ಡಿನ ಮಗ್ಗುಲಲ್ಲಿ ರಫ್ತು ಉತ್ತೇಜನ ಕೈಗಾರಿಕಾ ಪ್ರದೇಶ ಬಂತು. ಸಿಂಗಪುರದ ಸಹಭಾಗಿತ್ವದಲ್ಲಿ ಅಂತರರಾಷ್ಟ್ರೀಯ ತಂತ್ರಜ್ಞಾನ ಪಾರ್ಕ್ ತಲೆಯೆತ್ತಿತು. ಜನರ ಬಾಯಲ್ಲಿ ಅದು ಐಟಿಪಿಎಲ್. ಕನ್ನಡದ ಕಿವಿಗೆ ‘ಪಾರ್ಕ್’ ಎಂದರೆ ಹುಲ್ಲು, ಮರ, ಕಲ್ಲುಬೆಂಚು. ಆದರೆ ಇಲ್ಲಿ ಆ ಪದಕ್ಕೆ ಅರ್ಥವೇ ಬೇರೆಯಾಯಿತು. ಗುರುತಿನ ಚೀಟಿ ಇಲ್ಲದವರಿಗೆ ಪ್ರವೇಶವಿಲ್ಲದ ಪಾರ್ಕುಗಳು ಇವು.

ಈ ಭಾಗ ಬೆಳೆದದ್ದು ಬಸವನಗುಡಿ, ಜಯನಗರಗಳಂತೆ ಒಂದೇ ನಕ್ಷೆಯಲ್ಲಿ ಅಲ್ಲ. ಕೈಗಾರಿಕಾ ಪ್ರದೇಶ ಒಂದು ಸಂಸ್ಥೆಯ ಕೈಯಲ್ಲಿ, ಸುತ್ತಲಿನ ನಿವೇಶನಗಳು ಹಳ್ಳಿ ಪಂಚಾಯಿತಿಗಳ ಮತ್ತು ಮಹದೇವಪುರ ನಗರಸಭೆಯ ಕೈಯಲ್ಲಿ. ರೈತರ ಹೊಲಗಳು ತುಂಡುತುಂಡಾಗಿ ರೆವಿನ್ಯೂ ಬಡಾವಣೆಗಳಾದಾಗ ಪಾರ್ಕಿಗೆ ಶೇಕಡಾ 15 ಬಿಡಿ ಎಂದು ಹೇಳುವವರು ಇರಲಿಲ್ಲ. 2007ರಲ್ಲಿ ಮಹದೇವಪುರ ಮಹಾನಗರ ಪಾಲಿಕೆಯೊಳಗೆ ಸೇರುವ ಹೊತ್ತಿಗೆ ನೆಲದ ದೊಡ್ಡ ಪಾಲು ಹಂಚಿಹೋಗಿತ್ತು. 2025ರಲ್ಲಿ ಪಾಲಿಕೆ ಐದಾಗಿ ಒಡೆದು ಈ ಪ್ರದೇಶ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿದೆ. ಆಡಳಿತದ ಹೆಸರು ಬದಲಾದಂತೆ ನೆಲ ಮರಳಿ ಬರುವುದಿಲ್ಲ.

ಹಾಗೆಂದು ವೈಟ್‌ಫೀಲ್ಡಿನಲ್ಲಿ ಹಸಿರೇ ಇಲ್ಲವೆಂದಲ್ಲ. ದೊಡ್ಡ ಅಪಾರ್ಟ್‌ಮೆಂಟುಗಳ ಒಳಗೆ ಅಂದವಾದ ಹುಲ್ಲುಹಾಸು, ಜಾರುಬಂಡೆ, ಉಯ್ಯಾಲೆ, ಈಜುಕೊಳ ಎಲ್ಲ ಇವೆ. ಅವು ನಿವಾಸಿಗಳಿಗೆ ಮಾತ್ರ. ಹೊರಗಿನವರಿಗೆ ಮಾಲ್‌ಗಳಲ್ಲಿ ಆಟದ ಅಂಗಳಗಳಿವೆ; ಅಲ್ಲಿ ಮಗುವಿನ ಆಟವನ್ನು ಗಂಟೆಯ ಲೆಕ್ಕದಲ್ಲಿ ಮಾರಲಾಗುತ್ತದೆ. ಎರಡಕ್ಕೂ ಸಲ್ಲದ ಮಕ್ಕಳು ಬಹಳ. ಅದೇ ಅಪಾರ್ಟ್‌ಮೆಂಟುಗಳನ್ನು ಕಟ್ಟಲು ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬಂದ ಕೂಲಿಕಾರರ ಮಕ್ಕಳು ತಗಡಿನ ಶೆಡ್ಡುಗಳ ನಡುವಿನ ಮಣ್ಣುಗುಡ್ಡೆಯ ಮೇಲೆ ಆಡುತ್ತಾರೆ. ಮನೆಗೆಲಸಕ್ಕೆ ಹೋಗುವ ತಾಯಿಯ ಮಗಳು ಗೇಟಿನಾಚೆಯ ಉಯ್ಯಾಲೆಯನ್ನು ದಿನವೂ ನೋಡುತ್ತಾಳೆ. 1882ರ ನಕ್ಷೆಯಲ್ಲಿ ಮನೆಗಳು ಬಯಲಿನ ಸುತ್ತ ಇದ್ದವು. ಈಗ ಬಯಲಿನ ಸುತ್ತ ಗೋಡೆ ಇದೆ. ನೂರು ವರ್ಷಗಳಲ್ಲಿ ಆದ ವ್ಯತ್ಯಾಸವನ್ನು ಇಷ್ಟರಲ್ಲೇ ಹೇಳಿ ಮುಗಿಸಬಹುದು.

ಕೆರೆಯ ಏರಿಯೇ ಪಾರ್ಕಾದಾಗ

ಹೊಸದಾಗಿ ಪಾರ್ಕು ಮಾಡಲು ನೆಲವಿಲ್ಲದ ಕಡೆ ಜನರ ಕಣ್ಣು ಸಹಜವಾಗಿಯೇ ಕೆರೆಯತ್ತ ಹೊರಳಿತು. ಸುತ್ತ ಎಲ್ಲವೂ ಮಾರಾಟವಾದರೂ ಕೆರೆಯಂಗಳ ಸರ್ಕಾರದ ದಾಖಲೆಯಲ್ಲಿ ಕೆರೆಯಾಗಿಯೇ ಉಳಿದಿತ್ತು. ಆದರೆ ಅದರ ಅವಸ್ಥೆ ಕೇಳುವಂತಿರಲಿಲ್ಲ. ನಗರದ ಕೊಳಚೆಯನ್ನೆಲ್ಲ ಹೊತ್ತ ಬೆಳ್ಳಂದೂರು ಕೆರೆಗೆ 2015, 2017 ಮತ್ತು 2018ರಲ್ಲಿ ಬೆಂಕಿಯೇ ಬಿತ್ತು. ಅದರ ನೀರು ಹರಿದು ಸೇರುವ ವರ್ತೂರು ಕೆರೆಯ ಕೋಡಿಯಿಂದ ನೊರೆ ಹಾರಿ ರಸ್ತೆಯಲ್ಲಿ ಹೋಗುವವರ ಮೇಲೆ ಬೀಳುತ್ತಿದ್ದುದನ್ನು ಇಡೀ ದೇಶ ಸುದ್ದಿಚಿತ್ರಗಳಲ್ಲಿ ನೋಡಿತು. ಮಕ್ಕಳನ್ನು ಕರೆದೊಯ್ಯುವುದಿರಲಿ, ದೊಡ್ಡವರೇ ಮೂಗು ಮುಚ್ಚಿಕೊಂಡು ದಾಟುವ ಜಾಗ ಅದಾಗಿತ್ತು.

ಇನ್ನೊಂದು ದಾರಿ ಸಾಧ್ಯ ಎಂದು ತೋರಿಸಿದ್ದು ವೈಟ್‌ಫೀಲ್ಡಿನ ದಕ್ಷಿಣಕ್ಕೆ, ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ. ಸುಮಾರು 48 ಎಕರೆಯ ಈ ಕೆರೆ ಒಣಗಿ ಕಸ ಸುರಿಯುವ ತಾಣವಾಗುತ್ತಿದ್ದಾಗ, 2009ರ ಸುಮಾರಿಗೆ ಸುತ್ತಲಿನ ನಿವಾಸಿಗಳೂ ಪಾಲಿಕೆಯ ಎಂಜಿನಿಯರುಗಳೂ ಕೂಡಿ ಅದರ ಪುನಶ್ಚೇತನಕ್ಕೆ ಕೈಹಾಕಿದರು. ಏರಿಯ ಮೇಲೆ ನಡೆಯಲು ದಾರಿ, ನೀರಿನ ನಡುವೆ ಹಕ್ಕಿಗಳಿಗೆ ನಡುಗಡ್ಡೆ, ಮಕ್ಕಳಿಗೆ ಕೂರಲು, ಆಡಲು ಜಾಗ. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೆ ಕೆರೆ ಪಾಠದ ಅಂಗಳವೂ ಆಯಿತು. ಇತ್ತ ವೈಟ್‌ಫೀಲ್ಡಿನಲ್ಲಿ 2013ರಲ್ಲಿ ಒಗ್ಗೂಡಿದ ‘ವೈಟ್‌ಫೀಲ್ಡ್ ರೈಸಿಂಗ್’ ಮುಂತಾದ ನಾಗರಿಕ ಗುಂಪುಗಳು ಕಸ, ರಸ್ತೆಗಳ ಜೊತೆಗೆ ಕೆರೆಗಳ ವಿಷಯವನ್ನೂ ಕೈಗೆತ್ತಿಕೊಂಡವು. ಶೀಲವಂತನ ಕೆರೆ, ಹಗದೂರು ಕೆರೆಗಳ ಏರಿಯ ಮೇಲೆ ಜನ ಮತ್ತೆ ನಡೆಯುವಂತಾಯಿತು. ನೀರುಕೋಳಿಯನ್ನೂ ಮಿಂಚುಳ್ಳಿಯನ್ನೂ ಟಿಕೆಟ್ಟಿಲ್ಲದೆ ತೋರಿಸುವ ಜಾಗ ಮಗುವಿಗೆ ಮೃಗಾಲಯಕ್ಕಿಂತ ಕಡಿಮೆಯದಲ್ಲ.

ಆದರೆ ಇದರಲ್ಲೊಂದು ಎಚ್ಚರವೂ ಬೇಕು. ಕೆರೆ ಪಾರ್ಕಾದ ಕೂಡಲೇ ಬೇಲಿ, ಬೀಗ, ವೇಳಾಪಟ್ಟಿ, ಫಲಕ ಬರುತ್ತವೆ. ಹಿಂದೆ ಅಲ್ಲಿ ದನ ಮೇಯಿಸುತ್ತಿದ್ದವರು, ಮೀನು ಹಿಡಿಯುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು ಹೊರಗುಳಿಯುತ್ತಾರೆ. ಅವರ ಮಕ್ಕಳು ಈಜು ಕಲಿತ ಕೆರೆ ಬೇರೆಯವರ ಮಕ್ಕಳ ನೋಟಕ್ಕೆ ಮಾತ್ರ ಉಳಿದರೆ ಆ ಪುನಶ್ಚೇತನ ಅರ್ಧವೇ ಸರಿ.

ಬಸ್ಸಿನ ದರವೂ ಪಾರ್ಕಿನ ಮಾತೇ

ಹತ್ತಿರದ ಹಸಿರು ಸಾಲದಾದಾಗ ದೂರ ಹೋಗಲೇಬೇಕು. ಹಾಗಾಗಿ ಪ್ರಯಾಣದ ದರವೂ ಈ ಕಥೆಯ ಭಾಗ. ಮೆಟ್ರೊ ಬರುವ ಮುಂಚೆ ವೈಟ್‌ಫೀಲ್ಡಿನ ಸಂಸಾರಗಳ ಪಾಲಿಗೆ ಪಟ್ಟಣದ ದಾರಿ ಎಂದರೆ ಕಾಡುಗೋಡಿಗೂ ಮೆಜೆಸ್ಟಿಕ್‌ಗೂ ನಡುವೆ ಓಡುವ 335ಇ ಬಸ್ಸು. ಮಾರತ್‌ಹಳ್ಳಿಯ ದಟ್ಟಣೆಯಲ್ಲಿ ನಿಂತು ನಿಂತು ಸಾಗುವ ಆ ಬಸ್ಸಿನಲ್ಲಿ ಮಕ್ಕಳು ಉದ್ಯಾನ ತಲುಪುವ ಮೊದಲೇ ನಿದ್ದೆಹೋಗುವುದುಂಟು. 2023ರ ಜೂನ್‌ನಲ್ಲಿ ಜಾರಿಗೆ ಬಂದ ‘ಶಕ್ತಿ’ ಯೋಜನೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ನೀಡಿತು. ಕೆಲಸಕ್ಕೆ ಹೋಗುವ ಹೆಂಗಸರಿಗೆ ಇದರಿಂದಾದ ಅನುಕೂಲದ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ತಾಯಿಯೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಲಾಲ್‌ಬಾಗಿಗೆ ಹೋಗಿಬರಲು ಯಾರ ಮುಂದೆಯೂ ಕೈಚಾಚಬೇಕಿಲ್ಲ ಎಂಬುದೂ ಅಷ್ಟೇ ದೊಡ್ಡ ಅನುಕೂಲ.

ಮೆಟ್ರೊ ವೇಗ ತಂದಿತು. ಆದರೆ 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಅದರ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ಒಬ್ಬ ನೌಕರನ ತಿಂಗಳ ಲೆಕ್ಕದಲ್ಲಿ ಇದು ಒಂದು ಬಗೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಹೋಗಿಬರುವ ಭಾನುವಾರದ ಲೆಕ್ಕದಲ್ಲಿ ಇದು ಇನ್ನೊಂದು ಬಗೆ. ಉದ್ಯಾನಕ್ಕೆ ಶುಲ್ಕವಿಲ್ಲದಿದ್ದರೂ ಅಲ್ಲಿಗೆ ತಲುಪಲು ನೂರಾರು ರೂಪಾಯಿ ಬೇಕಾದರೆ ಅದು ನಿಜವಾಗಿ ಉಚಿತ ಉದ್ಯಾನವಲ್ಲ.

ಬಾಗಿಲು ತೆರೆದಿರುವ ಹೊತ್ತಿನ ಪ್ರಶ್ನೆಯೂ ಇಂಥದೇ. ಬೆಂಗಳೂರಿನ ಎಷ್ಟೋ ಪಾರ್ಕುಗಳು ವರ್ಷಗಟ್ಟಲೆ ಮುಂಜಾನೆ ಮತ್ತು ಸಂಜೆ ವಾಯುಸೇವನೆಗೆ ಬರುವವರ ಅನುಕೂಲ ನೋಡಿ ತೆರೆಯುತ್ತಿದ್ದವು. ಮಕ್ಕಳಿಗೆ ರಜೆಯಿರುವ ನಡುಹಗಲು ಬೀಗ. ಪಾಲಿಕೆಯ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ ಸೂಚನೆ ಬಂದದ್ದು 2024ರಲ್ಲಿ. ಆದರೂ ‘ಚೆಂಡಾಟ ನಿಷೇಧ’, ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಫಲಕಗಳು ಹಲವೆಡೆ ಇನ್ನೂ ಇವೆ. ನಡೆಯುವವರಿಗೆ ದಾರಿ, ವೃದ್ಧರಿಗೆ ಬೆಂಚು, ಹೂಗಿಡಕ್ಕೆ ಬೇಲಿ ಎಲ್ಲ ಆದ ಮೇಲೆ ಓಡುವ ಮಗುವಿಗೆ ಎಷ್ಟು ಜಾಗ ಉಳಿಯಿತು ಎಂದು ಕೇಳುವವರು ಕಡಿಮೆ.

ಮಕ್ಕಳನ್ನು ಅಗ್ಗದಲ್ಲಿ ಹೊರಗೆ ಕರೆದೊಯ್ಯುವುದು ತಂದೆತಾಯಿಯ ಜಾಣತನಕ್ಕೆ ಬಿಟ್ಟ ವಿಷಯ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಬೆಂಗಳೂರಿನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಆ ಸಂತೋಷ ಅಗ್ಗವೋ ದುಬಾರಿಯೋ ಎಂಬುದು ಊರಿನ ನಕ್ಷೆ ಬರೆಯುವ ದಿನವೇ ತೀರ್ಮಾನವಾಗುತ್ತದೆ. ತೋಪನ್ನು ನೆಟ್ಟವರು, ಬಸವನಗುಡಿಯ ಬೀದಿಗಳನ್ನು ಅಳೆದವರು, ನ್ಯಾಯಾಲಯದ ಮೆಟ್ಟಿಲು ಹತ್ತಿದ ನಿವಾಸಿಗಳು, ಕೆರೆಯ ಹೂಳು ತೆಗೆಸಿದವರು, ಇವರೆಲ್ಲ ತಾವು ಹೆಸರು ತಿಳಿಯದ ಮಕ್ಕಳಿಗಾಗಿ ಜಾಗ ಹಿಡಿದಿಟ್ಟವರೇ. ನಗರ ವರ್ತೂರು, ಸರ್ಜಾಪುರಗಳನ್ನೂ ದಾಟಿ ಬೆಳೆಯುತ್ತಿರುವ ಈ ದಿನಗಳಲ್ಲಿ, ಹೊಸ ನಕ್ಷೆಗಳು ಎಲ್ಲೆಲ್ಲೋ ಸಿದ್ಧವಾಗುತ್ತಿರುವಾಗ, ಈ ಮಾತಿಗೆ ಹೆಚ್ಚಿನ ತುರ್ತಿದೆ.

ಇನ್ನರ್ ಸರ್ಕಲ್ಲಿನ ದುಂಡು ಜಾಗ ಈಗಲೂ ಪಾರ್ಕಾಗಿ ಇದೆ. ಸುತ್ತಲಿನ ಹೆಂಚಿನ ಮನೆಗಳು ಬಹುಪಾಲು ಹೋಗಿವೆ, ರಸ್ತೆಯಲ್ಲಿ ವಾಹನಗಳ ಸದ್ದು ನಿಲ್ಲುವುದಿಲ್ಲ. ವೈಟ್ ಕನಸಿದ ರೈತರ ಊರು ಕಾಗದದಲ್ಲೇ ಉಳಿಯಿತು. ನಡುವಿನ ಬಯಲನ್ನು ಬಿಟ್ಟ ಆ ಒಂದು ಗೆರೆ ಮಾತ್ರ ನೂರ ನಲವತ್ತು ವರ್ಷ ದಾಟಿ ನೆಲದ ಮೇಲೆ ನಿಂತಿದೆ. ಸಂಜೆ ಆ ಗೆರೆಯೊಳಗೆ ಮಕ್ಕಳು ಓಡುತ್ತಾರೆ.